ಕಾಲು ಹೋದವನಿಗಿಲ್ಲದ ಮೇಲ್ಮನವಿ

ಗಿಣಿಗೇರಾ ಹತ್ತಿರ ಹೆದ್ದಾರಿ ದಾಟುವುದೆಂದರೆ ಏನು ಅಂತ ನಿಮಗೆ ನಾವು ಹೇಳಬೇಕಿಲ್ಲ. ಅತ್ತ ಕೊಪ್ಪಳ, ಇತ್ತ ಹೊಸಪೇಟೆ, ನಡುವೆ ಫ್ಯಾಕ್ಟರಿ ಲಾರಿಗಳು. ಶಿಫ್ಟ್ ಮುಗಿಸಿ ಬೈಕ್ ಮೇಲೆ ಬರುತ್ತಿದ್ದವನಿಗೆ ಲಾರಿ ಗುದ್ದಿ ಕಾಲು ಹೋಯಿತು ಅಂತ ಇಟ್ಟುಕೊಳ್ಳಿ. ಚಾಲಕ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ, ದಂಡ ಕಟ್ಟಿದ, ಮನೆಗೆ ಹೋದ. ಈ ಶಿಕ್ಷೆ ಸಾಲದು ಅಂತ ಕಾಲು ಕಳೆದುಕೊಂಡವನು ಮೇಲ್ಮನವಿ ಹಾಕಬಹುದಾ?

ಹಾಕುವಂತಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 125(ಬಿ) ಕಲಂ ಪ್ರಕಾರ, ಬೇಜವಾಬ್ದಾರಿಯಿಂದ ತೀವ್ರ ಗಾಯ ಮಾಡಿದರೆ 3 ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆ ‘ಅಥವಾ’ ಇದೆಯಲ್ಲ, ಅದರ ಸಂದಿಯಲ್ಲೇ ಜೈಲು ತಪ್ಪಿಹೋಗುವುದು.

ಜೈಲಾದರೆ, ಶಿಕ್ಷೆ ಜಾಸ್ತಿಯಾಯಿತು ಅಂತ ಚಾಲಕ ಮೇಲಿನ ಕೋರ್ಟಿಗೆ ಹೋಗಬಹುದು. ಕಡಿಮೆಯಾಯಿತು ಅಂತ ಮೇಲ್ಮನವಿ ಹಾಕುವ ಹಕ್ಕು ಮಾತ್ರ ಸರ್ಕಾರದ ಕೈಯಲ್ಲಿದೆ. ಆರೋಪಿ ಖುಲಾಸೆಯಾದರೆ, ಸಣ್ಣ ಅಪರಾಧಕ್ಕಷ್ಟೇ ಶಿಕ್ಷೆಯಾದರೆ, ಪರಿಹಾರ ಕಡಿಮೆ ಕೊಟ್ಟರೆ ನೊಂದವರು ಮೇಲ್ಮನವಿ ಹಾಕಬಹುದು. ಶಿಕ್ಷೆ ಕಡಿಮೆ ಎಂಬ ಕಾರಣಕ್ಕೆ ಆಗದು ಅಂತ ಹಳೇ ಕಾಯ್ದೆಯಡಿ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹೊಸ ಸಂಹಿತೆ ಬರೆದವರು ಕಲಂ ನಂಬರ್ ಬದಲಿಸಿದರು, ಈ ಬಾಗಿಲು ತೆರೆಯಲಿಲ್ಲ. ರಿವಿಜನ್ ಅರ್ಜಿ ಇದೆಯಲ್ಲ ಅನ್ನುತ್ತಾರೆ ವಕೀಲರು. ಅದು ಕೋರ್ಟಿನ ವಿವೇಚನೆ, ನಮ್ಮ ಹಕ್ಕಲ್ಲ.

ಸರ್ಕಾರ ಮನಸ್ಸು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಕೇಸಿದೆ. ವಾಹನವೊಂದು ಚಕ್ಕಡಿಗೆ ಗುದ್ದಿ ಒಬ್ಬ ಮನುಷ್ಯ, ಒಂದು ಎತ್ತು ಸತ್ತವು. ತಪ್ಪೊಪ್ಪಿಕೊಂಡ ಚಾಲಕನಿಗೆ ಆ ಸಾವಿಗಾಗಿ ಮ್ಯಾಜಿಸ್ಟ್ರೇಟರು ಹಾಕಿದ್ದು 250 ರೂಪಾಯಿ ದಂಡ. ಸರ್ಕಾರ ಹೈಕೋರ್ಟಿಗೆ ಹೋಯಿತು, ಸೋತಿತು, ಸುಪ್ರೀಂ ಕೋರ್ಟಿಗೂ ಹೋಯಿತು. 1987ರಲ್ಲಿ ಆ ಕೋರ್ಟು ಇದನ್ನು ಚಿಗಟ ಕಚ್ಚಿದಂಥ ಶಿಕ್ಷೆ ಎಂದು ಜರಿದು, 6 ತಿಂಗಳ ಕಠಿಣ ಸಜೆ ಕೊಟ್ಟಿತು. ಸರ್ಕಾರ ಸುಮ್ಮನೆ ಕೂತಿದ್ದರೆ? 250 ರೂಪಾಯಿಗೇ ಮುಗಿಯುತ್ತಿತ್ತು.

ಚಾಲಕನೂ ಬಡವನೇ, ಟ್ರಿಪ್ ಲೆಕ್ಕದಲ್ಲಿ ಓಡಿಸುವ ಮಾಲೀಕನನ್ನು ಯಾರು ಕೇಳುತ್ತಾರೆ ಅಂತ ನೀವು ಕೇಳಬಹುದು. ನಿಜ, ಅದೂ ನಮ್ಮ ಸಿಟ್ಟೇ. ಎಲ್ಲರನ್ನೂ ಜೈಲಿಗೆ ಹಾಕಿ ಅಂತ ನಾವು ಹೇಳುತ್ತಿಲ್ಲ. ಕಾಲು ಕಳೆದುಕೊಂಡವನ ಮಾತನ್ನೂ ಮೇಲಿನ ಕೋರ್ಟು ಕೇಳಲಿ, ಅಷ್ಟೆ. ಸಂಸತ್ತು ಕಾಯ್ದೆಗೆ ಒಂದು ಸಾಲು ಸೇರಿಸಿದರೆ ಸಾಕು.

ಅಲ್ಲಿಯವರೆಗೆ ತೀರ್ಪಿನ ದಿನವೇ ನಕಲಿಗೆ ಅರ್ಜಿ ಹಾಕಿ. ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಸಲ್ಲಿಸಲು ಗಡುವು 30 ದಿನ ಮಾತ್ರ. ಸರ್ಕಾರ ಮೇಲ್ಮನವಿ ಹಾಕಬೇಕೆಂದು ಸರ್ಕಾರಿ ಅಭಿಯೋಜಕರಿಗೆ ಬರಹದಲ್ಲೇ ಕೇಳಿ, ಸ್ವೀಕೃತಿ ತಗೊಳ್ಳಿ. ಮಹಿಳೆಯರು, ಪರಿಶಿಷ್ಟರು, ಕಾರ್ಖಾನೆ ಕಾರ್ಮಿಕರು, ಅಂಗವಿಕಲರಿಗೆ ಕೊಪ್ಪಳದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ. ಅಭಿಯೋಜಕರು ಆಗಲ್ಲ ಅಂದರೆ, ಯಾಕೆ ಅನ್ನುವುದನ್ನೂ ಬರೆದುಕೊಡಿ ಅನ್ನಿ.