ಊರಿಗೆ ಎಂಟರ್‌ಪ್ರೈಸ್ ಲಿನಕ್ಸ್ ಯಾಕೆ ಒಯ್ತೀರಿ?

ಹಬ್ಬಕ್ಕೆ ಇಂಡಿಗೋ ಸಿಂದಗಿಗೋ ಹೊರಡುವಾಗ ಬ್ಯಾಗಿನಲ್ಲೊಂದು ಹಳೇ ಲ್ಯಾಪ್‌ಟಾಪ್ ಇಟ್ಟುಕೊಳ್ಳೋ ಬೆಂಗಳೂರಿನ ಐಟಿ ಮಂದಿ ಮೇಲೆ ನನ್ನದೊಂದು ತಕರಾರಿದೆ. ಲ್ಯಾಪ್‌ಟಾಪ್ ಕೊಡೋದು ಒಳ್ಳೇದೇ. ತಮ್ಮನ ಆನ್‌ಲೈನ್ ಸೆಂಟರಿಗೋ ಕಾಕಾನ ಗೊಬ್ಬರದ ಅಂಗಡಿಗೋ ಆಗುತ್ತೆ. ಆದರೆ ಅದರೊಳಗೆ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ಹಾಕಿ, ಸಬ್‌ಸ್ಕ್ರಿಪ್ಷನ್ ಮಾಡಿಸದೆ, "ಬ್ಯಾಂಕಿನವ್ರೂ ಇದನ್ನ ಬಳಸ್ತಾರ ನೋಡು" ಅಂತ ಹೇಳಿ ವಾಪಸ್ ಬಸ್ ಹತ್ತುತ್ತೀರಲ್ಲ, ಅದು ನನಗೆ ಸರಿ ಕಾಣೋದಿಲ್ಲ.

ಬ್ಯಾಂಕಿನವರು ದುಡ್ಡು ಕೊಟ್ಟು ಬಳಸ್ತಾರೆ. ಆ ದುಡ್ಡಿಗೆ ಸಿಗೋದೇ ಅಪ್‌ಡೇಟು, ರಿಪೇರಿ, ತೊಂದರೆ ಆದಾಗ ಕೇಳೋಕೊಬ್ಬ ಮನುಷ್ಯ. ದುಡ್ಡು ಕಟ್ಟದಿದ್ದರೆ ಮಷೀನೇನೂ ನಿಲ್ಲೋದಿಲ್ಲ, ನಿಂತಿದ್ದರೆ ಎಷ್ಟೋ ಚೆನ್ನಾಗಿತ್ತು. ಬೂಟ್ ಆಗುತ್ತೆ, ಪ್ರಿಂಟ್ ಬರುತ್ತೆ, ಎಲ್ಲ ಸರಿ ಇದ್ದಂಗೇ ಕಾಣುತ್ತೆ. ಅಪ್‌ಡೇಟ್ ಕಮಾಂಡ್ ಹೊಡೆದರೆ ಮಾತ್ರ 'ನೋಂದಣಿ ಆಗಿಲ್ಲ' ಅನ್ನೋ ಅರ್ಥದ ಒಂದು ಸಾಲು ಬರುತ್ತೆ. ಅಂಗಡಿಯಲ್ಲಿ ಆ ಕಮಾಂಡ್ ಹೊಡೆಯೋರು ಯಾರು? ಫೈರ್‌ಫಾಕ್ಸ್ ಕೂಡ ಅದೇ ದಾರಿಯಿಂದ ಬರಬೇಕು. ಹಾಗಾಗಿ ನೀವು ಹಾಕಿಕೊಟ್ಟ ದಿನ ಬ್ರೌಸರ್ ಎಲ್ಲಿತ್ತೋ ಅಲ್ಲೇ ಕೂತಿರುತ್ತೆ.

"ಲಿನಕ್ಸಿಗೆ ವೈರಸ್ ಬರಂಗಿಲ್ಲ ಬಿಡ್ರಿ" ಅನ್ನೋರಿಗೆ 2022ರ ಜನವರಿ ನೆನಪಿಸ್ತೀನಿ. ಪೋನ್‌ಕಿಟ್ ಅನ್ನೋ ಲೋಪ ಬಯಲಾಗಿದ್ದು ಆಗ. ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ಡೆಸ್ಕ್‌ಟಾಪಿನಲ್ಲೂ ಇರೋ ಪೋಲ್‌ಕಿಟ್‌ನೊಳಗೆ ಅದು 2009ರಿಂದ ಅಡಗಿತ್ತು. ಮಷೀನಿನಲ್ಲಿ ಒಂದು ಸಾಮಾನ್ಯ ಲಾಗಿನ್ ಇದ್ದವನು ರೂಟ್ ಆಗಿಬಿಡಬಹುದಿತ್ತು. ಪ್ಯಾಚ್ ಬಂತು. ಯಾರಿಗೆ ಅಪ್‌ಡೇಟ್ ಬರ್ತಿತ್ತೋ ಅವರಿಗೆ ಬಂತು.

ಬಸವನ ಬಾಗೇವಾಡಿಯ ಆನ್‌ಲೈನ್ ಸೆಂಟರಿನಲ್ಲಿ ಒಂದು ಮಷೀನಿಗೆ ದಿನಕ್ಕೆಷ್ಟು ಕೈ, ಎಷ್ಟು ಪೆನ್‌ಡ್ರೈವ್, ಯೋಚಿಸಿ. ಅದರ ಡೌನ್‌ಲೋಡ್ ಫೋಲ್ಡರಿನಲ್ಲಿ ಊರಿನವರ ಆಧಾರ್, ಹೊಲದ ಉತಾರ, ಪಾಸ್‌ಬುಕ್ಕಿನ ಫೋಟೊ, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ಎಲ್ಲ ಬಿದ್ದಿರುತ್ತೆ. ನಿಮ್ಮ ಆಫೀಸಿನಲ್ಲಿ ಅಪ್‌ಡೇಟ್ ಇಲ್ಲದ ಮಷೀನು ಕಂಡರೆ ಸೆಕ್ಯುರಿಟಿ ಟೀಮಿನವರು ನೆಟ್‌ವರ್ಕಿನಿಂದ ಕಿತ್ತು ಹಾಕ್ತಾರೆ. ವೈಟ್‌ಫೀಲ್ಡಿನಲ್ಲಿ ನಡೆಯದ್ದು ಮುದ್ದೇಬಿಹಾಳಕ್ಕೆ ನಡೀತೈತೇನು?

ಇನ್ನು ಕೆಲವರು, ಓಪನ್ ಸೋರ್ಸ್ ಅಂದಮೇಲೆ ದುಡ್ಡು ಯಾಕೆ ಕೇಳಬೇಕು ಅಂತ ಕಂಪನಿಯನ್ನೇ ಬೈತಾರೆ. ಸೋರ್ಸ್ ಕೋಡ್ ಮುಕ್ತ, ಸರಿ. ಹತ್ತು ವರ್ಷ ಕೂತು ಹಳೇ ವರ್ಷನ್ನಿನ ತೂತು ಮುಚ್ಚೋದು ಕಾಯಕ, ಅದಕ್ಕೆ ಸಂಬಳ ಬೇಕು. ಇದನ್ನ ಬಸವಣ್ಣ ಹುಟ್ಟಿದ ನೆಲದವರಿಗೆ ನಾನೇನು ಹೇಳಲಿ. ಕಂಪನಿ ಮೇಲೆ ನನಗಿರೋ ಸಿಟ್ಟು ಬೇರೆ. ದುಡ್ಡಿಲ್ಲದೆ ಅಪ್‌ಡೇಟ್ ಸಿಗ್ತಿದ್ದ ಸೆಂಟ್‌ಓಎಸ್ 8 ಅನ್ನು 2029ರ ತನಕ ನೋಡಿಕೊಳ್ತೀವಿ ಅಂದವರು, 2021ರ ಕೊನೆಗೇ ಮುಗಿಸ್ತೀವಿ ಅಂತ 2020ರ ಡಿಸೆಂಬರಿನಲ್ಲಿ ಹೇಳಿದರು. ಅದನ್ನ ನಾನು ಮರೆತಿಲ್ಲ.

ಆದರೆ ಆ ಖಾಲಿ ಜಾಗಕ್ಕೆ 2021ರಲ್ಲೇ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎರಡೂ ಬಂದವು. ಆಫೀಸಿನಲ್ಲಿ ನಿಮಗೆ ರೂಢಿಯಾದ ಅದೇ ಕಮಾಂಡು, ಅದೇ ಡೆಸ್ಕ್‌ಟಾಪು. ಸಬ್‌ಸ್ಕ್ರಿಪ್ಷನ್ನಿನ ಗೋಜಿಲ್ಲ, 9ನೇ ಆವೃತ್ತಿಗೆ 2032ರ ತನಕ ಅಪ್‌ಡೇಟ್. ಡೆಬಿಯನ್ ಅಂತೂ ಮೊದಲಿಂದ ಹಾಗೇ ಇದೆ. ರೆಡ್ ಹ್ಯಾಟೇ ಬೇಕೆಂಬ ಹಟ ಯಾಕೋ, ಬಹುಶಃ ರೆಸ್ಯೂಮೆಯಲ್ಲಿ ಆ ಹೆಸರು ಚಂದ ಕಾಣುತ್ತೆ ಅಂತಿರಬೇಕು.

"ಡೆವಲಪರ್ ಸಬ್‌ಸ್ಕ್ರಿಪ್ಷನ್ ಪುಕ್ಕಟೆ ಐತಲ್ಲ, 16 ಮಷೀನಿಗೆ?" ಐತಿ. ಅದು ನಿಮ್ಮ ಹೆಸರಲ್ಲಿ, ನಿಮಗೆ. ವರ್ಷ ವರ್ಷ ನವೀಕರಿಸಬೇಕು. ಲಾಗಿನ್ ಬೆಂಗಳೂರಾಗ, ಮಷೀನು ಸಿಂದಗ್ಯಾಗ. ಮುಂದಿನ ವರ್ಷ ಅದನ್ನ ನೆನಪಿಡೋದು ನೀವೋ, ಕಾಕಾನೋ?

ಈಗಾಗಲೇ ಕೊಟ್ಟು ಬಂದಿದ್ದರೆ ಮೊದಲು ಫೈಲುಗಳನ್ನ ಬ್ಯಾಕಪ್ ತಗೊಳ್ಳಿ. 8 ಅಥವಾ 9 ಇದ್ದರೆ ಆಲ್ಮಾದವರ, ರಾಕಿಯವರ ಸ್ಕ್ರಿಪ್ಟುಗಳಿವೆ, ಫಾರ್ಮ್ಯಾಟ್ ಮಾಡದೇ ಬದಲಾಯಿಸಬಹುದು. ಸೆಂಟ್‌ಓಎಸ್ 7 ಇನ್ನೂ ಓಡ್ತಿದ್ದರೆ ಅದಕ್ಕೆ 2024ರ ಜೂನ್ 30ಕ್ಕೇ ಅಪ್‌ಡೇಟ್ ನಿಂತಿದೆ. ಅದನ್ನ ಅಳಿಸಿ ಹೊಸದಾಗೇ ಹಾಕಿ.