ಮಾರ್ಕ್ ಎಷ್ಟು ಅಂತಲ್ಲ, ಎಲ್ಲಿ ತಪ್ಪಿತು ಅಂತ ಕೇಳೋಣ

ಕರಾವಳಿ ಬಿಟ್ಟು ಸಿಂದಗಿ ತಾಲೂಕಿನ ಕನ್ನೊಳ್ಳಿಯಲ್ಲಿ ಮದ್ರಸ ಕಲಿಸುತ್ತಿದ್ದೇನೆ. ಇಲ್ಲಿ ಮಕ್ಕಳು ನನ್ನನ್ನು ಉಸ್ತಾದ್ ಅನ್ನುವುದಿಲ್ಲ, ಹಜರತ್ ಅನ್ನುತ್ತಾರೆ. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ. ನಮ್ಮ ಮಕ್ಕಳಿಗೆ ಮನೆಯಲ್ಲಿ ಬ್ಯಾರಿ ಇದ್ದ ಹಾಗೆ. ಈ ಭಾಗದ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಹೋಗುತ್ತವೆ, ಕೆಲವರು ಕಟ್ಟಡ ಕೆಲಸಕ್ಕೆ ಮಂಗಳೂರಿಗೇ ಬರುತ್ತಾರೆ. ಮಕ್ಕಳೂ ಜೊತೆಗೆ.

ಹಾಗೆ ಹೋಗಿ ಬಂದ ಹುಡುಗನೊಬ್ಬ ಗಣಿತ ಪುಸ್ತಕ ಹಿಡಿದು ಬಂದ. 'ಭಾಗಾಕಾರ ಬರಂಗಿಲ್ರೀ ಹಜರತ್' ಅಂದ. 612ನ್ನು 6ರಿಂದ ಭಾಗಿಸು ಎಂದೆ. 12 ಅಂತ ಬರೆದ. ನೋಡಿದರೆ ಅವನಿಗೆ ಭಾಗಾಕಾರ ಬರುತ್ತದೆ. 1ರಲ್ಲಿ 6 ಹೋಗದಿದ್ದಾಗ ಸೊನ್ನೆ ಇಡಬೇಕು ಎಂಬುದೊಂದೇ ಗೊತ್ತಿಲ್ಲ. ತೋರಿಸಿಕೊಟ್ಟೆ, 102 ಬಂತು. ಅವನ ಅಂಕಪಟ್ಟಿ ಇಷ್ಟು ದಿನ ಹೇಳಿದ್ದು 'ಗಣಿತದಲ್ಲಿ ಹಿಂದೆ' ಅಂತ ಮಾತ್ರ. ಆ ಸೊನ್ನೆಯನ್ನು ಯಾರೂ ಹೇಳಿರಲಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ 2009, ಮಗುವನ್ನು ನಿರಂತರವಾಗಿ, ಸಮಗ್ರವಾಗಿ ಮೌಲ್ಯಮಾಪನ ಮಾಡಬೇಕು ಎನ್ನುತ್ತದೆ. ಅದಕ್ಕೇ ನಮ್ಮ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ ಇರುವುದು. ನಾವು ಎಫ್‌ಎ, ಎಸ್‌ಎ ಅನ್ನುತ್ತೇವಲ್ಲ, ಅದೇ. ಎಫ್‌ಎ ಉದ್ದೇಶ ಕಲಿಯುತ್ತಿರುವಾಗಲೇ ತಪ್ಪು ಹಿಡಿದು ತಿದ್ದುವುದು. ಆದರೆ ಆಗುತ್ತಿರುವುದೇನು? ಪ್ರಾಜೆಕ್ಟ್ ಫೈಲನ್ನು ಅಕ್ಕ ಅಂಟಿಸಿ ಕೊಡುತ್ತಾಳೆ, ಚಿತ್ರ ಝೆರಾಕ್ಸ್ ಅಂಗಡಿಯದ್ದು, ಮಾರ್ಕ್ ಮಾತ್ರ ಮಗುವಿನದ್ದು. ಶಿಕ್ಷಕರನ್ನೇ ದೂರಿದರೆ ತಪ್ಪಾದೀತು, ಅವರಿಗೆ ದಾಖಲೆ ತುಂಬಿಸುವುದೇ ದೊಡ್ಡ ಹೊರೆ.

ನಮಗೆ ಈ ವಿದ್ಯೆ ಹೊಸದಲ್ಲ. ಹಿಫ್ಝ್ ತರಗತಿಯಲ್ಲಿ ಇವತ್ತಿನ ಸಬಕ್, ಮೊನ್ನೆಯ ಪಾಠ, ಹಳೆಯ ಪಾಠ ಮೂರನ್ನೂ ದಿನಾ ಒಪ್ಪಿಸಿಕೊಳ್ಳುತ್ತೇವೆ. ಅಕ್ಷರ ತಪ್ಪಿದರೆ ಅಲ್ಲೇ ನಿಲ್ಲಿಸುತ್ತೇವೆ, 'ನೂರಕ್ಕೆ ಅರವತ್ತು' ಎಂದು ಮುಂದಕ್ಕೆ ಕಳಿಸುವುದಿಲ್ಲ. ಆದರೆ ಫಿಕ್ಹ್‌ಗೆ ಬಂದಾಗ ನಾವೂ ಬಾಯಿಪಾಠ, ಪರೀಕ್ಷೆ, ಮಾರ್ಕ್ ಅಷ್ಟೆ. ವುಝೂವಿನ ಫರ್ಳ್‌ಗಳನ್ನು ಪಟಪಟ ಹೇಳುವ ಹುಡುಗ ನೀರಿನ ಮುಂದೆ ಕೂತರೆ ಮೊಣಕೈ ಒದ್ದೆ ಆಗಿರುವುದಿಲ್ಲ. ಇದು ನನ್ನ ತರಗತಿಯದ್ದೇ ಕಥೆ.

ಲಂಡನ್ನಿನ ಪಾಲ್ ಬ್ಲ್ಯಾಕ್ ಮತ್ತು ಡೈಲನ್ ವಿಲಿಯಂ ಎಂಬ ಇಬ್ಬರು 1998ರಲ್ಲಿ ನೂರಾರು ಅಧ್ಯಯನಗಳನ್ನು ಪರಿಶೀಲಿಸಿ ಇದನ್ನೇ ಹೇಳಿದರು. ತಪ್ಪು ಎಲ್ಲಿ, ಸರಿ ಮಾಡುವುದು ಹೇಗೆ ಎಂದು ತಿಳಿಸಿದರೆ ಮಕ್ಕಳು ಮೇಲೆ ಬರುತ್ತಾರೆ, ಅದರಲ್ಲೂ ಹಿಂದುಳಿದವರು ಹೆಚ್ಚು.

ಹಾಗಾಗಿ ಉಮ್ಮಂದಿರಲ್ಲಿ, ಉಪ್ಪಂದಿರಲ್ಲಿ ಒಂದು ವಿನಂತಿ. ಮೀಟಿಂಗಿಗೆ ಹೋದಾಗ 'ಎಷ್ಟು ಮಾರ್ಕ್' ಎಂದು ಕೇಳಿ ಎದ್ದು ಬರಬೇಡಿ. 'ಎಲ್ಲಿ ತಪ್ಪುತ್ತಾನೆ, ಮನೆಯಲ್ಲಿ ನಾವೇನು ಮಾಡಬೇಕು' ಅಂತ ಕೇಳಿ. ಮಗುವಿನ ಪ್ರಾಜೆಕ್ಟನ್ನು ಮಗುವೇ ಮಾಡಲಿ, ಸೊಟ್ಟಗಾದರೂ ಪರವಾಗಿಲ್ಲ. ಮದ್ರಸ ಕಮಿಟಿಯವರು ಸಿಲಬಸ್ ಮುಗಿಯಿತಾ ಎಂದು ಕೇಳುವ ಜೊತೆಗೆ, ಯಾರಿಗೆ ಇನ್ನೂ ಬಂದಿಲ್ಲ ಎಂದೂ ಕೇಳಲಿ. ನಮ್ಮ ಊರಿಗೆ ದುಡಿಯಲು ಬಂದವರ ಮಗು ನಡುವರ್ಷದಲ್ಲಿ ಬಾಗಿಲಲ್ಲಿ ನಿಂತರೆ, ಎಲ್ಲಿಗೆ ನಿಲ್ಲಿಸಿದ್ದೀ ಮೋನೇ ಎಂದು ಕೇಳಿ ಅಲ್ಲಿಂದಲೇ ಶುರು ಮಾಡೋಣ.