ಪರದೆಯ ಆಚೆಗೆ: ಹೆತ್ತವಳ ಹೆಸರು ಯಾವ ರಿಜಿಸ್ಟರಿನಲ್ಲಿದೆ?

ಚಿತ್ರರಸಿಕರೇ, ನಮ್ಮ ಸಿನಿಮಾಗಳಲ್ಲಿ ಕಳೆದುಹೋದ ಮಗ ಸಿಕ್ಕುವುದು ಎಷ್ಟು ಸಲೀಸು ನೋಡಿ! ತೋಳಿನ ಮೇಲೊಂದು ಮಚ್ಚೆ, ಕೊರಳಲ್ಲಿ ಅರ್ಧ ಲಾಕೆಟ್ಟು, ಅದೂ ಇಲ್ಲದಿದ್ದರೆ ಅಮ್ಮ ಹೇಳಿಕೊಟ್ಟ ಹಾಡು. ‘ಯಾದೋಂ ಕೀ ಬಾರಾತ್’ (1973) ಚಿತ್ರದಲ್ಲಿ ಅಣ್ಣತಮ್ಮಂದಿರನ್ನು ಕೂಡಿಸಿದ್ದು ಹಾಡೇ ತಾನೆ? ‘ಶಂಕರ್ ಗುರು’ವಿನಲ್ಲಿ (1978) ಅಪ್ಪ ಮತ್ತು ಇಬ್ಬರು ಮಕ್ಕಳು ಮೂವರೂ ಅಣ್ಣಾವ್ರೇ. ಮುಖವೇ ಗುರುತಿನ ಚೀಟಿ! ಕೊನೆಯ ರೀಲಿನಲ್ಲಿ ಎಲ್ಲರೂ ಒಂದಾದರು, ‘ಶುಭಂ’ ಬಿತ್ತು, ನಾವು ಕಣ್ಣೊರೆಸಿಕೊಂಡು ಸೈಕಲ್ ಸ್ಟ್ಯಾಂಡಿಗೆ ಓಡಿದೆವು.

ನಿಜ ಜೀವನದಲ್ಲಿ ಲಾಕೆಟ್ಟು ಇರೋದಿಲ್ಲ ಸ್ವಾಮಿ. ಇರೋದು ಬರೀ ಕಾಗದ. ಆ ಕಾಗದ ಬೀರುವಿನಲ್ಲಿದ್ದು, ಬೀರುವಿನ ಕೀಲಿಕೈ ಇನ್ಯಾರದೋ ಸೊಂಟದಲ್ಲಿದ್ದರೆ? ಅಂಥ ಒಂದು ದೇಶದ ಕಥೆ ಈ ವಾರ. ದೇಶದ ಹೆಸರು ಐರ್ಲೆಂಡ್.

2013ರಲ್ಲಿ ‘ಫಿಲೊಮಿನಾ’ ಎಂಬ ಇಂಗ್ಲಿಷ್ ಚಿತ್ರ ಬಂತು. ನಿರ್ದೇಶಕ ಸ್ಟೀಫನ್ ಫ್ರಿಯರ್ಸ್. ಬಾಂಡ್ ಚಿತ್ರಗಳಲ್ಲಿ ಬಾಂಡನಿಗೇ ಗದರುತ್ತಿದ್ದ ಮೇಲಧಿಕಾರಿಣಿ ನೆನಪಿದ್ದಾಳಲ್ಲ, ಆ ಜೂಡಿ ಡೆಂಚ್ ಇದರಲ್ಲಿ ಮಗನನ್ನು ಹುಡುಕುವ ಮುದುಕಿ. ನಾಲ್ಕು ಆಸ್ಕರ್‌ಗೆ ನಾಮಕರಣವಾಯಿತು, ಒಂದೂ ಬರಲಿಲ್ಲ. ಅದು ಹಾಗಿರಲಿ. ಈ ಕಥೆಯನ್ನು ಯಾವ ಕಥೆಗಾರನೂ ಕೂತು ಹೊಸೆದದ್ದಲ್ಲ. ಪತ್ರಕರ್ತ ಮಾರ್ಟಿನ್ ಸಿಕ್ಸ್‌ಸ್ಮಿತ್ 2009ರಲ್ಲಿ ಪುಸ್ತಕವಾಗಿ ಬರೆದ ಫಿಲೊಮಿನಾ ಲೀ ಎಂಬಾಕೆಯ ಬದುಕು ಅದು.

ಹದಿನೆಂಟರ ಹುಡುಗಿ. ತಾಯಿಯಿಲ್ಲದೆ ಬೆಳೆದವಳು. ಮದುವೆಯಿಲ್ಲದೆ ಬಸುರಾದಳು. ಆ ಕಾಲದ ಐರ್ಲೆಂಡಿನಲ್ಲಿ ಅದಕ್ಕಿಂತ ದೊಡ್ಡ ಅಪರಾಧ ಇರಲಿಲ್ಲ. ಟಿಪ್ಪರೆರಿ ಜಿಲ್ಲೆಯ ರಾಸ್‌ಕ್ರೇ ಊರಿನ ಶಾನ್ ರಾಸ್ ಅಬ್ಬೆ ಎಂಬ ಆಶ್ರಮಕ್ಕೆ ಸೇರಿಸಿದರು. 1952ರ ಜುಲೈ 5ರಂದು ಗಂಡುಮಗು ಹುಟ್ಟಿತು. ಹೆಸರು ಆಂಟನಿ. ತಾಯಿ ಅಲ್ಲೇ ಬಟ್ಟೆ ಒಗೆಯುವ ಕೆಲಸ ಮಾಡುತ್ತ ಮಗನನ್ನು ನೋಡಿಕೊಂಡಳು. ಮಗು ತನ್ನದಲ್ಲ, ಮುಂದೆಂದೂ ಕೇಳುವುದಿಲ್ಲ ಎಂದು 1955ರಲ್ಲಿ ಅವಳಿಂದ ರುಜು ಹಾಕಿಸಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಮೂರು ವರ್ಷದ ಮಗ ಅಮೆರಿಕಕ್ಕೆ ದತ್ತು ಹೋದ. ಹೆಸರೂ ಬದಲಾಯಿತು: ಮೈಕೆಲ್ ಹೆಸ್.

ಈಗ ಕೇಳಿ, ಇಂಟರ್‌ವಲ್ ಆದ ಮೇಲಿನ ಕಥೆ. ಮಗ ದೊಡ್ಡ ವಕೀಲನಾದ. ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಸಮಿತಿಗೆ ಮುಖ್ಯ ಕಾನೂನು ಸಲಹೆಗಾರನಾದ. ತಾಯಿ ಇಂಗ್ಲೆಂಡಿಗೆ ಹೋಗಿ ನರ್ಸ್ ಆದಳು. ಐವತ್ತು ವರ್ಷ ಈ ಗುಟ್ಟನ್ನು ಎದೆಯಲ್ಲೇ ಇಟ್ಟುಕೊಂಡಳು. ಮಗ ಅಮ್ಮನನ್ನು ಕೇಳಿಕೊಂಡು ಆ ಆಶ್ರಮಕ್ಕೆ ಬಂದ; ತಾಯಿಯೂ ಮಗನನ್ನು ಕೇಳಿಕೊಂಡು ಅದೇ ಆಶ್ರಮಕ್ಕೆ ಬಂದಳು. ಬಾಗಿಲು ಒಂದೇ, ಇಬ್ಬರಿಗೂ ಸಿಕ್ಕ ಉತ್ತರ ಸೊನ್ನೆ! 1995ರಲ್ಲಿ ಏಡ್ಸ್ ರೋಗದಿಂದ ಮಗ ತೀರಿಕೊಂಡ. ಅವನ ಕೊನೆಯಾಸೆಯಂತೆ ಆ ಆಶ್ರಮದ ನೆಲದಲ್ಲೇ ಮಣ್ಣು ಮಾಡಿದರು. ತಾಯಿಗೆ ಕೊನೆಗೆ ಸಿಕ್ಕಿದ್ದು ಸಮಾಧಿಯ ಕಲ್ಲು. ಚಿತ್ರದಲ್ಲಿ ಆಕೆ ಪತ್ರಕರ್ತನ ಜೊತೆ ಅಮೆರಿಕಕ್ಕೆ ಹಾರುತ್ತಾಳೆ. ಅದು ಸಿನಿಮಾದವರು ಸೇರಿಸಿದ ಒಗ್ಗರಣೆ. ಆದರೆ ಆ ಕಲ್ಲು ಮಾತ್ರ ನಿಜ.

ಇದು ಒಬ್ಬಳ ಕಥೆ ಅಂದುಕೊಂಡಿರಾ? ಸರ್ಕಾರವೇ ನೇಮಿಸಿದ ತನಿಖಾ ಆಯೋಗದ ವರದಿ 2021ರ ಜನವರಿಯಲ್ಲಿ ಪ್ರಕಟವಾಯಿತು. ಆಯೋಗ ಪರಿಶೀಲಿಸಿದ 18 ಸಂಸ್ಥೆಗಳಲ್ಲಿ ಸುಮಾರು 56 ಸಾವಿರ ತಾಯಂದಿರು, 57 ಸಾವಿರ ಮಕ್ಕಳು. ಅವರಲ್ಲಿ ಸತ್ತ ಮಕ್ಕಳೇ ಸುಮಾರು 9 ಸಾವಿರ. ವರದಿ ಬಂದ ಮರುದಿನವೇ ಪ್ರಧಾನಿ ಮೀಹಾಲ್ ಮಾರ್ಟಿನ್ ದೇಶದ ಪರವಾಗಿ ಕ್ಷಮೆ ಕೇಳಿದರು. ಅಮೆರಿಕಕ್ಕೆ ಹೋದ ಮಕ್ಕಳು ಸುಮಾರು ಎರಡು ಸಾವಿರ. ಅವರ ಪಾಸ್‌ಪೋರ್ಟ್ ಕಡತಗಳು ದಫ್ತರಖಾನೆಯಲ್ಲಿ ಧೂಳು ತಿನ್ನುತ್ತಿದ್ದು ಬೆಳಕಿಗೆ ಬಂದದ್ದು 1996ರಲ್ಲಿ.

ಇಲ್ಲಿ ನಮ್ಮ ಚಿತ್ರರಂಗದ ಹಿರಿಯಕ್ಕನೊಬ್ಬಳ ಪ್ರವೇಶವೂ ಇದೆ! ಮರ್ಲಿನ್ ಮನ್ರೋ ಜೊತೆ ‘ಜೆಂಟಲ್‌ಮನ್ ಪ್ರಿಫರ್ ಬ್ಲಾಂಡ್ಸ್’ (1953) ಚಿತ್ರದಲ್ಲಿ ಕುಣಿದ ಜೇನ್ ರಸೆಲ್ ಗೊತ್ತಲ್ಲ? 1951ರಲ್ಲಿ ಲಂಡನ್‌ಗೆ ಬಂದಿದ್ದ ಆಕೆ, ಅಲ್ಲಿದ್ದ ಐರಿಶ್ ದಂಪತಿಗಳ ಕೂಸೊಂದನ್ನು ಅಮೆರಿಕಕ್ಕೆ ಎತ್ತಿಕೊಂಡು ಹೋದಳು. ಪತ್ರಿಕೆಗಳಲ್ಲಿ ಗುಲ್ಲೋ ಗುಲ್ಲು. ಮಕ್ಕಳನ್ನು ಹೀಗೆ ಕೊಟ್ಟು ಕಳಿಸಬಹುದೇ ಎಂದು ಜನ ಕೇಳತೊಡಗಿದರು. ಐರ್ಲೆಂಡಿಗೆ ಮೊದಲ ದತ್ತು ಕಾನೂನು ಬಂದದ್ದು 1952ರಲ್ಲಿ. ಆದರೆ ನೋಡಿ ತಮಾಷೆ: ಮದುವೆಯಿಲ್ಲದ ತಾಯಿಯ ಮಗುವನ್ನು, ಅದಕ್ಕೆ ಒಂದು ವರ್ಷ ತುಂಬಿದ ಮೇಲೆ, ತಾಯಿಯ ಒಪ್ಪಿಗೆಯ ಮೇಲೆ ಹೊರದೇಶಕ್ಕೆ ಕಳಿಸಲು ದಾರಿ ಬಿಟ್ಟೇ ಇದ್ದರು. ಒಪ್ಪಿಗೆ ಹೇಗೆ ಬರುತ್ತಿತ್ತು ಅಂತ ಫಿಲೊಮಿನಾ ಕಥೆಯಲ್ಲೇ ಕಂಡಿರಲ್ಲ!

ಸರಿ, ಇಂಥ ಮಕ್ಕಳು ಬೆಳೆದು, ತಲೆ ನರೆತ ಮೇಲೆ ಹೆತ್ತವಳನ್ನು ಹುಡುಕುವುದು ಹೇಗೆ? ಇದು ಪತ್ತೇದಾರಿ ಸಿನಿಮಾವನ್ನೂ ಮೀರಿಸುವಂಥದ್ದು. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ದಾಖಲೆ ಭಂಡಾರ ಸುಟ್ಟು ಬೂದಿಯಾಯಿತು. ಶತಮಾನಗಳ ಕಾಗದ ಹೊಗೆಯಾಯಿತು. ಪುಣ್ಯಕ್ಕೆ 1864ರಿಂದ ನಡೆದ ಜನನ, ಮರಣದ ನೋಂದಣಿ ಪುಸ್ತಕಗಳು ಬೇರೆಡೆ ಇದ್ದು ಉಳಿದವು. 1901 ಮತ್ತು 1911ರ ಜನಗಣತಿಯೂ ಉಳಿಯಿತು. ಇವತ್ತು ಮನೆಯಲ್ಲೇ ಕೂತು ಪುಕ್ಕಟೆ ನೋಡಬಹುದು.

ಆದರೆ ನೂರು ವರ್ಷ ದಾಟದ ಜನನ ದಾಖಲೆಯನ್ನು ಸರ್ಕಾರ ಅಂತರ್ಜಾಲಕ್ಕೆ ಬಿಡುವುದಿಲ್ಲ. ದತ್ತುಮಗುವಿನ ಹೊಸ ಹೆಸರಿಗೂ ಹಳೆಯ ಹೆಸರಿಗೂ ಗಂಟು ಹಾಕುವ ಪುಸ್ತಕಕ್ಕಂತೂ ಬೀಗ. ಆಗ ಹುಡುಕುವವರು ಏನು ಮಾಡಿದರು ಗೊತ್ತೇ? ಡಬ್ಲಿನ್ನಿನ ನೋಂದಣಿ ಕಚೇರಿಗೆ ಹೋಗಿ, ತಾವು ಹುಟ್ಟಿದ ಕಾಲದ ಸೂಚಿ ಹಿಡಿದು ಕೂತರು. ಮಗುವಿನ ಮನೆತನದ ಹೆಸರೂ ತಾಯಿಯ ತವರಿನ ಹೆಸರೂ ಒಂದೇ ಇದ್ದರೆ ತಾಯಿಗೆ ಮದುವೆಯಾಗಿರಲಿಲ್ಲ ಅಂತ ಅಂದಾಜು. ಅಂಥ ಹೆಸರುಗಳ ಪಟ್ಟಿ ಮಾಡಿದರು. ಅದೇ ಹೆಸರಿನಲ್ಲಿ ಮುಂದೆ ಮದುವೆಯೋ ಮರಣವೋ ದಾಖಲಾಗಿದ್ದರೆ ಹೊಡೆದುಹಾಕಿದರು. ಹುಟ್ಟಿ, ಆಮೇಲೆ ಯಾವ ಪುಸ್ತಕದಲ್ಲೂ ಕಾಣದೆ ಮಾಯವಾದ ಹೆಸರು ಯಾವುದೋ, ಅದು ತನ್ನದೇ ಇರಬಹುದು!

ತಾಯಿಯ ಹೆಸರು ಸಿಕ್ಕರೆ ಅರ್ಧ ಕೆಲಸ ಆಯಿತು. ಅವಳು ಆಮೇಲೆ ಮದುವೆಯಾಗಿದ್ದರೆ ಮದುವೆಯ ಪುಸ್ತಕದಲ್ಲಿ ಹೊಸ ಮನೆತನದ ಹೆಸರು ಸಿಗುತ್ತದೆ. ಕ್ಯಾಥೊಲಿಕ್ ಚರ್ಚಿನ ದೀಕ್ಷಾಸ್ನಾನದ ಪುಸ್ತಕದ ಅಂಚಿನಲ್ಲೂ ಎಷ್ಟೋ ಸಲ ಮದುವೆಯ ಟಿಪ್ಪಣಿ ಇರುತ್ತದೆ. 1911ರ ಜನಗಣತಿಯಲ್ಲಿ ಅಜ್ಜ ಪುಟ್ಟ ಹುಡುಗನಾಗಿ ಕಾಣಿಸಬಹುದು. ಪತ್ರಿಕೆಯ ನಿಧನವಾರ್ತೆಯಲ್ಲಿ ಮಕ್ಕಳ ಹೆಸರುಗಳೂ ಸಿಗಬಹುದು.

ಇನ್ನು ಕೆಲವರ ಪಾಡು ಇನ್ನೂ ಕಷ್ಟ. ದತ್ತು ಅಂತಲೇ ಬರೆಯದೆ, ಸಾಕಿದವರೇ ಹೆತ್ತವರು ಎಂದು ಸುಳ್ಳು ನೋಂದಣಿ ಮಾಡಿಸಿದ್ದರು! ಒಂದೇ ಸಂಸ್ಥೆಯ ಕಡತಗಳಲ್ಲಿ ಇಂಥ 126 ಪ್ರಕರಣ ಸಿಕ್ಕಿವೆ ಎಂದು 2018ರಲ್ಲಿ ಸರ್ಕಾರವೇ ಪ್ರಕಟಿಸಿತು. ಪುಸ್ತಕವೇ ಸುಳ್ಳು ಹೇಳಿದರೆ ಹುಡುಕುವುದೆಲ್ಲಿ? ಅವರಿಗೆ ಡಿ.ಎನ್.ಎ. ಪರೀಕ್ಷೆಯೇ ಗತಿ. ಎಂಜಲು ಕಳಿಸಿ, ಸೋದರ ಸಂಬಂಧಿ ಯಾರಾದರೂ ಸಿಕ್ಕರೆ ಅಲ್ಲಿಂದ ವಂಶವೃಕ್ಷ ಹತ್ತಬೇಕು. ಚಿತ್ರದ ಮಚ್ಚೆಗೆ ಬದಲು ಈ ಕಾಲದ ಗುರುತು ಇದೇ.

ಕೊನೆಗೂ 2022ರಲ್ಲಿ ಬೀಗ ಮುರಿಯಿತು. ಜನನ ಮಾಹಿತಿಗೆ ಅಂತಲೇ ಹೊಸ ಕಾನೂನು ಬಂತು. ಅಕ್ಟೋಬರ್ 3ರಿಂದ, 16 ತುಂಬಿದ ಯಾರೇ ಆಗಲಿ, ತಮ್ಮ ಮೂಲ ಜನನ ಪತ್ರವನ್ನು ಕೇಳಿ ಪಡೆಯಬಹುದು. ತಾಯಿ ‘ನನಗೆ ಭೇಟಿ ಬೇಡ’ ಎಂದು ಬರೆಸಿಟ್ಟಿದ್ದರೆ? ಅದನ್ನು ಕೇಳುವವರಿಗೆ ಮೊದಲು ತಿಳಿಸಿ ಹೇಳುತ್ತಾರೆ, ಆಮೇಲೆ ಪತ್ರ ಕೊಡುತ್ತಾರೆ.

ಕೆಲವರು ಕೇಳಬಹುದು, ‘ಅಲ್ರೀ, ಆ ಮುದುಕಿ ಗಂಡ ಮಕ್ಕಳಿಗೂ ಹೇಳದೆ ಬಚ್ಚಿಟ್ಟಿದ್ದನ್ನು ಹೀಗೆ ಬಯಲು ಮಾಡಬಹುದೇ?’ ಅಂತ. ಪ್ರಶ್ನೆ ಸಣ್ಣದಲ್ಲ. ಭೇಟಿ ಬೇಡ ಅನ್ನುವ ಹಕ್ಕು ತಾಯಿಗೆ ಇರಲಿ, ಇರಬೇಕು. ಆದರೆ ನಾನು ಯಾರು, ನನಗೆ ಮೊದಲು ಇಟ್ಟ ಹೆಸರೇನು ಎಂಬುದು ಮಗುವಿನ ಸ್ವತ್ತು. ಅದನ್ನು ಬೀರುವಿನಲ್ಲಿಡಲು ಮೂರನೆಯವರಿಗೆ ಅಧಿಕಾರ ಕೊಟ್ಟವರ್ಯಾರು? ಬಚ್ಚಿಡಬೇಕೆಂದು ಆ ತಾಯಂದಿರಲ್ಲಿ ಎಷ್ಟು ಮಂದಿ ತಾವಾಗಿ ಬಯಸಿದ್ದರು? ಊರು ನಾಚಿಕೆಪಡಿಸಿತು, ಅವರು ಬಾಯಿಮುಚ್ಚಿದರು. ಅಷ್ಟೇ.

ಕಾನೂನು ಮಗ ಬದುಕಿದ್ದಾಗಲೇ ಬಂದಿದ್ದರೆ ರಾಸ್‌ಕ್ರೇಯ ಆ ಬಾಗಿಲಲ್ಲಿ ತಾಯಿ ಮಗ ಎದುರಾಗುತ್ತಿದ್ದರೋ ಏನೋ. ‘ಫಿಲೊಮಿನಾ’ ಚಿತ್ರ ಸಿಕ್ಕರೆ ಮನೆಮಂದಿಯೆಲ್ಲ ಕೂತು ನೋಡಿ. ಕರವಸ್ತ್ರ ಮರೆಯಬೇಡಿ. ಮುಂದಿನ ವಾರ ಮತ್ತೆ ಸಿಗೋಣ.